ನಾಲ್ಕು ಕುರ್ಚಿ, ಒಂದು ಹಸು

ಜಗತ್ತಿನ ಬಡತನವನ್ನು ತೊಲಗಿಸುವುದು ಮನುಷ್ಯಕುಲದ ಮುಂದಿರುವ ಅತ್ಯಂತ ಗುರುತರವಾದ ಕರ್ತವ್ಯ. ಅದಕ್ಕೆ ಮೊಟ್ಟಮೊದಲು ಬೇಕಾದದ್ದು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಎಂದು ನಮ್ಮ ಬೀದಿ ತೀರ್ಮಾನಿಸಿತು. ಕುರ್ಚಿಗಳು ನನ್ನವು.

ನಮ್ಮದು ಕಿಕ್ಕೇರಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ಊರು. ಪಕ್ಕದ ಮನೆಯಾಕೆ ಗಂಡ ಸತ್ತ ಮೇಲೆ ಒಂದೇ ಒಂದು ಸೀಮೆಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ ಸಂಸಾರ ತೂಗಿಸುತ್ತಿದ್ದಳು. ಹೋದ ವರ್ಷ ಆ ಹಸು ಹೊಟ್ಟೆ ಉಬ್ಬರಿಸಿ ಸತ್ತಿತು. ಅಂದಿನಿಂದ ಕೂಲಿಯೇ ಗತಿ. ಹೀಗಿರುವಾಗ ಯಾವುದೋ ದೂರದೇಶದ ಸಂಸ್ಥೆಯವರು ಕಡುಬಡವರಿಗೆ ಹಾಲು ಕೊಡುವ ಹಸು ಕೊಡುತ್ತಾರೆಂದೂ, ಬೀದಿಗೆ ಒಂದೇ ಹಸುವೆಂದೂ, ಯಾರಿಗೆಂದು ನೋಡಲು ಮನೆಮನೆಗೆ ಬರುತ್ತಾರೆಂದೂ ಡೈರಿಯಲ್ಲಿ ಸುದ್ದಿ ಹಬ್ಬಿತು. ಯಾರಿಗೆ ಎಂಬುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. ಬಂದವರನ್ನು ಅವಳ ಮನೆಯಲ್ಲಿ ಎಲ್ಲಿ ಕೂರಿಸುವುದು ಎಂಬುದೊಂದೇ ಚಿಂತೆ.

ನಮ್ಮಲ್ಲಿ ಹೆಣ್ಣು ನೋಡಲು ಗಂಡಿನ ಕಡೆಯವರು ಬಂದರೆ ಬೀದಿಯ ಒಳ್ಳೆಯ ಸಾಮಾನೆಲ್ಲ ಆ ಮನೆ ಸೇರುತ್ತದೆ. ಯಾರ ಲೋಟ, ಯಾರ ಜಮಖಾನ ಎಂದು ಯಾರೂ ಬಾಯಿಬಿಡುವುದಿಲ್ಲ. ಬಾಯಿಬಿಟ್ಟವನನ್ನು ಆಮೇಲೆ ಯಾರೂ ಮಾತಾಡಿಸುವುದೂ ಇಲ್ಲ.

"ಸಮುದ್ರ ದಾಟ್ಕಂಡು ಬತ್ತಾವ್ರೆ, ಚಾಪೆ ಮೇಲೆ ಕೂರ್ಸಕಾಯ್ತದಾ ಮೇಷ್ಟ್ರೇ?" ಎಂದು ಎದುರು ಮನೆಯ ಟ್ರಾಕ್ಟರಿನವನು, ನನ್ನ ಹಳೆಯ ಶಿಷ್ಯ, ಉತ್ತರಕ್ಕೂ ಕಾಯದೆ ಎರಡು ಕುರ್ಚಿ ಎತ್ತಿಕೊಂಡ.

"ಫ್ಯಾನೂ ತಗೊಂಡೋಗಪ್ಪ, ಅವ್ರಿಗೆ ಸೆಕೆ ಆಯ್ತದೆ" ಎಂದಳು ನನ್ನ ಹೆಂಡತಿ.

ಉಳಿದ ಕುರ್ಚಿಗಳ ಹಿಂದೆ ಮಿಕ್ಸಿ ಹೋಯಿತು, ಗೋಡೆ ಗಡಿಯಾರ ಹೋಯಿತು, ಮಂಚವೂ ಹೋಯಿತು. ಟಿವಿ ಹೊಸಿಲು ದಾಟುವಾಗ ನಾನು ಗಂಟಲು ಸರಿಮಾಡಿಕೊಂಡೆ.

"ಟಿವಿ ಯಾಕ್ಲಾ?"

"ಇರ್ಲಿ ಬುಡಿ ಮೇಷ್ಟ್ರೇ. ಇವ್ರಿಗೆ ಪರ್ಪಂಚವೇ ಗೊತ್ತಿಲ್ಲ ಅನ್ಕಂಡ್ಬುಟ್ಟಾರು."

ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನಾನು ಬರಿದಾದ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತೆ. ದಾನಶೂರನಿಗೆ ಇರಬೇಕಾದ ಮುಖಭಾವ ನನಗೆ ಇತ್ತೆಂದೇ ನಂಬಿದ್ದೇನೆ.

ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಇಳಿದುಕೊಂಡಿದ್ದ ವಿದೇಶಿ ಹೆಂಗಸೊಬ್ಬರು, ಪಾಂಡವಪುರದ ಅವರ ಕಚೇರಿಯ ಅಧಿಕಾರಿಯೊಡನೆ ಹತ್ತು ಗಂಟೆಗೆ ಬಂದರು. ಪಕ್ಕದ ಮನೆಯಲ್ಲಿ ಅರ್ಧ ಗಂಟೆ ಇದ್ದು, ನನ್ನ ಕುರ್ಚಿಯ ಮೇಲೆ ಕೂತು, ನನ್ನ ಮಿಕ್ಸಿಯಲ್ಲಿ ಅರೆದ ಚಟ್ನಿಯ ಜೊತೆ ಇಡ್ಲಿ ತಿಂದು, ಬಳಿಕ ನಮ್ಮ ಮನೆಗೂ ಬಂದರು.

"ಕುರ್ಚಿ ಇದೆಯಾ ಸಾರ್?" ಎಂದರು ಅಧಿಕಾರಿ, ಕೈಯಲ್ಲಿದ್ದ ಟ್ಯಾಬಿನ ಮೇಲೆ ಬೆರಳಿಟ್ಟು.

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಕುರ್ಚಿ ಇರಲಿಲ್ಲ. ಪಕ್ಕದ ಮನೆಗೆ ಹೋಗಿದೆ ಎಂದರೆ ಅವಳ ಮಾನ ಹೋಗುತ್ತದೆ. "ಇಲ್ಲ" ಎಂದೆ. ಫ್ಯಾನು, ಮಂಚ, ಮಿಕ್ಸಿ, ಟಿವಿ ಎಲ್ಲಕ್ಕೂ ಅದೇ ಉತ್ತರ. ಅವರು ತಲೆಯೆತ್ತಿ ನಮ್ಮ ನಾಡಹೆಂಚಿನ ಸೂರು ನೋಡಿ ಅದಕ್ಕೂ ಒಂದು ಗುರುತು ಒತ್ತಿಕೊಂಡರು. ಪಕ್ಕದಾಕೆಯದು ಸರ್ಕಾರ ಕಟ್ಟಿಸಿಕೊಟ್ಟ ಆರ್‌ಸಿಸಿ ಮನೆ. ಹೊರಡುವಾಗ ಆ ವಿದೇಶಿ ಹೆಂಗಸು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಸಜ್ಜನಿಕೆಗೆ ಮಾರುಹೋದರೆಂದು ತಿಳಿದೆ.

ಹದಿನೈದು ದಿನವಾದ ಮೇಲೆ ಡೈರಿಯ ಗೋಡೆಗೆ ಹಾಳೆಯೊಂದನ್ನು ಅಂಟಿಸಿದರು. ಪಕ್ಕದ ಮನೆಯಾಕೆ ನನ್ನ ಕೈಹಿಡಿದು ಎಳೆದುಕೊಂಡೇ ಹೋದಳು.

"ನನ್ ಹೆಸ್ರು ಎಲ್ಲದೆ, ವಸಿ ಓದಿ ಮೇಷ್ಟ್ರೇ."

ಓದಿದೆ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಓದಿದೆ. ನಮ್ಮ ಬೀದಿಯ ಕಡುಬಡವನೆಂದು ಇದ್ದದ್ದು ನನ್ನ ಹೆಸರು. ನನ್ನ ಅಪ್ಪನ ಹೆಸರು ಸಮೇತ, ಒಂದಕ್ಷರ ತಪ್ಪಿಲ್ಲದೆ. ಅವಳು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. "ಏನೋ ತಪ್ಪಾಗಿದೆ, ನಾಳೆ ಹೋಗಿ ಸರಿಮಾಡಿಸಿಕೊಂಡು ಬರ್ತೀನಿ" ಎಂದೆ.

ಮಾರನೆಯ ದಿನ ಕೆ.ಆರ್. ಪೇಟೆಗೆ ಹೋಗಿ ಬಸ್ಸು ಬದಲಾಯಿಸಿ ಪಾಂಡವಪುರದ ಆ ಕಚೇರಿ ಸೇರಿದೆ. ಅದೇ ಅಧಿಕಾರಿ ಇದ್ದರು.

"ಆದಾಯ ಎಷ್ಟು ಅಂದ್ರೆ ಎಲ್ರೂ ಸುಳ್ ಹೇಳ್ತಾರೆ ಸಾರ್. ಅದಕ್ಕೇ ನಾವು ಕೇಳೋದೇ ಇಲ್ಲ. ಮನೇಲಿರೋ ಸಾಮಾನು ನೋಡ್ತೀವಿ. ಸಾಮಾನು ಸುಳ್ ಹೇಳಲ್ಲ."

ನಾನು ಕುರ್ಚಿಯಿಂದ ಮೊದಲುಗೊಂಡು ಟಿವಿಯವರೆಗೆ, ನನಗೆ ಬರುವ ಪಿಂಚಣಿಯನ್ನೂ ಸೇರಿಸಿ, ಎಲ್ಲವನ್ನೂ ಒಪ್ಪಿಸಿದೆ. ಅವರು ಬೆಚ್ಚಿದರು.

"ಪಟ್ಟಿ ಆ ದೇಶಕ್ಕೆ ಹೋಗಿಬಿಟ್ಟಿದೆ. ನಿಮ್ಮ ಹೆಸರು ತೆಗೀಬಹುದು, ಅವರದು ಸೇರಿಸೋಕೆ ಬರಲ್ಲ. ಅವರ ಮನೇಲಿ ಟಿವಿ ಇದೆ."

"ಅದು ನನ್ನದು."

"ಇರಬಹುದು ಸಾರ್. ಅವತ್ತು ಅಲ್ಲಿತ್ತಲ್ಲ."

ಬೇರೆಯವರ ಹಸು ನನಗೇಕೆಂದು ಹೆಸರು ತೆಗೆಯಲು ಸಹಿ ಹಾಕಿ ಬಂದೆ. ಸಂಜೆ ಜಗಲಿಯ ಮೇಲೆ ಕೂತು ನಡೆದದ್ದನ್ನು ಪಕ್ಕದಾಕೆಗೂ ಟ್ರಾಕ್ಟರಿನವನಿಗೂ ಹೇಳಿದೆ. ಟ್ರಾಕ್ಟರಿನವನು ತಲೆಯ ಮೇಲೆ ಕೈಯಿಟ್ಟುಕೊಂಡ.

"ಸುಮ್ಕೆ ಹಸ ಇಸ್ಕಂಡು ಅವ್ಳ ಕೊಟ್ಗೇಲಿ ಕಟ್ಟದ್ ಬುಟ್ಟು, ಅಲ್ಲೋಗಿ ನಿಜ ಹೇಳ್ಬುಟ್ಟು ಬಂದ್ರಾ?"

ಅದು ನನಗೆ ಹೊಳೆದೇ ಇರಲಿಲ್ಲ.

ಅವಳು ಕೇಳಿದ್ದು ಒಂದೇ: "ಅಂಗಾರೆ ನಾನು ಅವ್ರಿಗೆ ನಮ್ಮನೆ ಚಾಪೇನೇ ಹಾಸಿದ್ರೆ ಸಾಕಾಗಿತ್ತಾ ಮೇಷ್ಟ್ರೇ?"

"ಹೂಂ" ಎಂದೆ.

ಹಸು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ಒಂದು ಊರಿಗೆ ಹೋಯಿತು. ಅವಳು ಕೂಲಿಗೆ ಹೋಗುತ್ತಿದ್ದಾಳೆ.