ಅರ್ಧ ನೆನೆದ ಮೊಗ್ಗು

ನಮ್ಮ ಭಾವ ಮಿಲಿಟರಿಯಿಂದ ನಿವೃತ್ತಿಯಾಗಿ ಬಂದ ಮಾರನೆಯ ಬೆಳಿಗ್ಗೆ ಮಾಡಿದ ಮೊದಲ ಕೆಲಸ ಮಗಳ ತಲೆ ಬಾಚಿದ್ದು. ಅವಳಾಗ ಪ್ರೈಮರಿ ಶಾಲೆಯಲ್ಲಿದ್ದಳು. ಹುಟ್ಟಿದಾಗಿನಿಂದ ರಜೆಗೆ ಬಂದು ಹೋಗುವ ಅಪ್ಪನನ್ನಷ್ಟೇ ಕಂಡಿದ್ದವಳು, ನೆಂಟರ ಮುಂದೆ ಕೂತಂತೆ ಬಿಗಿಯಾಗಿ ಕೂತಿದ್ದಳು. ಭಾವ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ, ಎರಡೂ ಒಂದೇ ಉದ್ದ ಇವೆಯೇ ಎಂದು ದೂರ ನಿಂತು ನೋಡಿದರು. ಒಂದು ತುಸು ಮೇಲಿತ್ತು. ಬಿಚ್ಚಿ ಮತ್ತೆ ಹೆಣೆದರು. ಅಷ್ಟರಲ್ಲಿ ಬೆಳಗೋಡಿನ ಬಸ್ಸು ಹೋಗಿಬಿಟ್ಟಿತು. ಅಪ್ಪ ಮಗಳು ಶಾಲೆಗೆ ನಡೆದುಕೊಂಡೇ ಹೋದರು.

ಊರಿನವರಿಗೆ ಇದು ನಗುವ ವಿಷಯವಾಯಿತು. "ಹವಾಲ್ದಾರ್ರು ಗಡಿ ಕಾಯ್ದು ಮುಗಿಸಿ ಈಗ ಜಡೆ ಕಾಯ್ತಾವ್ರೆ ಕಣ್ರೋ" ಎಂದು ಟೀ ಅಂಗಡಿಯಲ್ಲಿ ಯಾರೋ ಕಿಚಾಯಿಸಿದರು.

"ಗಡಿ ಕಾಯಾದು ಸಲೀಸು ಮಾರಾಯ. ಅದು ಇದ್ದಲ್ಲೇ ಇರ್ತದೆ. ಇವಳು ಒಂದು ಗಳಿಗೆ ತಲೆ ನಿಲ್ಸಲ್ಲ" ಎಂದರು ಭಾವ. ಕೇಳಿದವರೇ ಅವರಿಗೆ ಟೀ ಕೊಡಿಸಿದರು.

ನಾನು ಅವರ ಹೆಂಡತಿಯ ತಮ್ಮ. ಎಸ್ಸೆಸ್ಸೆಲ್ಸಿವರೆಗೆ ಓದಿ, ಎಸ್ಟೇಟೊಂದರಲ್ಲಿ ಬಹುಕಾಲ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಸ್ವಂತಕ್ಕೂ ಸ್ವಲ್ಪ ಕಾಫಿ ತೋಟವಿದೆ. ಭಾವ ಕಳೆದ ದೀಪಾವಳಿಯ ನಂತರ ತೀರಿಕೊಂಡರು. ಆಲೂರು, ಸಕಲೇಶಪುರದ ಕಡೆಯಿಂದ ಹಳೆಯ ಸೈನಿಕರು ಬಂದು ಬಾವುಟ ಹೊದಿಸಿ ಸೆಲ್ಯೂಟ್ ಹೊಡೆದರು. ಎಲ್ಲರೂ ಅವರ ಬಗ್ಗೆ ಒಂದೆರಡು ಒಳ್ಳೆಯ ಮಾತಾಡಿದರು. ನಾನು ಮಾತಾಡಲಿಲ್ಲ. ದುಃಖ ಹೆಚ್ಚಾಗಿದೆ ಎಂದು ಜನ ತಿಳಿದರು. ದುಃಖವೂ ಇತ್ತು. ಆದರೆ ನಾನು ಅವರಿಗೆ ಮಾಡಿದ್ದನ್ನು ಬಚ್ಚಿಟ್ಟುಕೊಂಡು ಏನು ಹೊಗಳಿದರೂ ಅದು ಸುಳ್ಳಾಗುತ್ತಿತ್ತು.

ನಮ್ಮ ಅಪ್ಪ ಸಾಯುವ ಮೊದಲು ಹಳ್ಳದ ಆಚೆಯ ಗುಡ್ಡವನ್ನು ಅಕ್ಕನ ಹೆಸರಿಗೆ ಮಾಡಿದರು. ಅದು ನನಗೇ ಬರುತ್ತದೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. "ಆ ಮನುಷ್ಯ ಅಷ್ಟು ವರ್ಷ ಹಿಮದಾಗೆ ನಿಂತವ್ನೆ. ಕಾಲೂರಾಕೆ ನಮ್ ನೆಲದಾಗೆ ಒಂದು ಜಾಗ ಬ್ಯಾಡ್ವೇನೋ?" ಎಂದರು ಅಪ್ಪ. "ಆಯ್ತು ಬುಡಪ್ಪ" ಎಂದೆ. ಬಾಯಿ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ.

ಭಾವ ಆ ಗುಡ್ಡದಲ್ಲಿ ರೊಬಸ್ಟಾ ಕಾಫಿ ಹಾಕಿದರು. ಹಗ್ಗ ಹಿಡಿದು, ಗೂಟ ಹೊಡೆದು, ಏರಿನಲ್ಲೂ ಸಾಲು ಕೆಡದಂತೆ ನೆಟ್ಟರು. ಸಂಜೆ ಅಕ್ಕನ ಜೊತೆ ಅಡುಗೆ ಮನೆಯಲ್ಲಿ ಕೂತು ಚಪಾತಿ ಲಟ್ಟಿಸುತ್ತಿದ್ದರು. ಯುದ್ಧದ ಕಥೆ ಹೇಳೆಂದು ಮಗಳು ಪೀಡಿಸಿದರೆ, ಹಿಮ ಕರಗಿಸಿ ಟೀ ಕಾಯಿಸುವುದು ಹೇಗೆಂದು ಹೇಳುತ್ತಿದ್ದರು. ಎಷ್ಟು ಕೇಳಿದರೂ ಅವರಿಗೆ ಗೊತ್ತಿದ್ದ ಯುದ್ಧ ಅದೊಂದೇ.

ಕಾಫಿ ಬೆಳೆಯದವರಿಗಾಗಿ ಒಂದು ಮಾತು ಹೇಳಬೇಕು. ರೊಬಸ್ಟಾ ಮೊಗ್ಗು ಬೇಸಿಗೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹದವಾದ ಮಳೆ ಬಿದ್ದರೆ, ಇಲ್ಲವೇ ನಾವು ಜೆಟ್ಟು ಎನ್ನುವ ಸ್ಪ್ರಿಂಕ್ಲರ್ ಹಾಕಿ ಮಳೆಯಂತೆ ನೆನೆಸಿದರೆ, ಕೆಲವೇ ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ನೀರೇ ಸಿಗದಿದ್ದರೆ ಮೊಗ್ಗು ಇನ್ನೊಂದಿಷ್ಟು ದಿನ ಕಾದೀತು. ಆದರೆ ಅರ್ಧ ನೆನೆಸಿ ಬಿಟ್ಟರೆ ಎಚ್ಚರವಾಗಿ, ಅರಳಲು ಶಕ್ತಿ ಸಾಲದೆ, ಕೆಂಪಾಗಿ ಒಣಗಿ ಉದುರುತ್ತದೆ. ಅರ್ಧ ನೀರಿಗಿಂತ ನೀರು ಕೊಡದಿರುವುದೇ ಮೇಲು. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು.

ಹಳ್ಳಕ್ಕೆ ಕಟ್ಟೆ ಹಾಕಿ, ಎರಡು ಮನೆಗೂ ಸೇರಿ ಒಂದು ಡೀಸೆಲ್ ಪಂಪು ಇಟ್ಟಿದ್ದೆವು. ಸರದಿಯ ಮೇಲೆ ನೀರು. ಭಾವನ ಗಿಡಗಳು ಮೊದಲ ಸಲ ಮೈತುಂಬ ಮೊಗ್ಗು ಬಿಟ್ಟ ವರ್ಷ ಹಳ್ಳದಲ್ಲಿ ನೀರು ಕಡಿಮೆ. ಅವರ ಸರದಿಯ ಹೊತ್ತಿಗೇ ಸಕಲೇಶಪುರದಲ್ಲಿ ಮಗಳ ಪಿಯುಸಿ ಪರೀಕ್ಷೆ ಶುರುವಾಯಿತು. ದಾರಿಯಲ್ಲಿ ಆನೆ ಓಡಾಟ ಇದ್ದುದರಿಂದ ಅವಳನ್ನು ಒಬ್ಬಳೇ ಕಳಿಸುವಂತಿರಲಿಲ್ಲ.

"ಪಂಪಿನ ಹತ್ರ ನೀನಿರು. ಒಂದೊಂದು ಜಾಗದಾಗೂ ಪೂರಾ ನೆನೆದ ಮ್ಯಾಲೇ ಜೆಟ್ಟು ಬದಲಾಯ್ಸು. ನೀನಿದ್ದೀಯಲ್ಲ, ನಂಗೇನು ಯೋಚ್ನೆ" ಎಂದು ಹೇಳಿ ಮಗಳ ಜೊತೆ ಬಸ್ಸು ಹತ್ತಿದರು. ಅವಳು ಒಳಗೆ ಬರೆಯುವಷ್ಟು ಹೊತ್ತೂ ಹೊರಗೆ ಮರದಡಿ ನಿಂತೇ ಇದ್ದರಂತೆ.

ಪರೀಕ್ಷೆ ಇದ್ದ ದಿನಗಳಲ್ಲೆಲ್ಲ ನಾನು ಅವರ ಗುಡ್ಡದಲ್ಲಿ ಜೆಟ್ಟನ್ನು ಅರ್ಧ ಹೊತ್ತಿಗೇ ಮುಂದಕ್ಕೆ ಸರಿಸಿದೆ. ಉಳಿಸಿದ ನೀರನ್ನು ನನ್ನ ತೋಟದ ಮೇಲ್ಭಾಗಕ್ಕೆ ತಿರುಗಿಸಿದೆ. ಸಂಜೆ ಭಾವ ಬಂದು ನೋಡುವಾಗ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ನೆಲ ಕಪ್ಪಾಗಿತ್ತು. ಬೇರಿಗೆ ಎಷ್ಟು ಇಳಿದಿದೆ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ಹಳ್ಳದ ಈಚೆ ನನ್ನ ತೋಟ ಬೆಳ್ಳಗಾಯಿತು. ಆಚೆ ಅವರ ಮೊಗ್ಗುಗಳು ಕೆಂಪಾದವು. ಅವರು ಗಿಡದ ಒಂದು ರೆಂಬೆ ಬಗ್ಗಿಸಿ ಹಿಡಿದು ನೋಡುತ್ತ ನಿಂತಿದ್ದಾಗ, ಕೇಳುವ ಮೊದಲೇ ಹೇಳಿದೆ: "ಪಂಪಿನ ಬಾಯಿಗೆ ಕೆಸರು ಸಿಕ್ಕಿ ನಿಂತು ನಿಂತು ಹೋಗ್ತಿತ್ತು ಭಾವ. ನಿಮಗ್ಯಾಕೆ ಗಾಬರಿ ಅಂತ ಸುಮ್ನಿದ್ದೆ."

"ನಿಂದೇನೈತೆ ತಪ್ಪು? ಕಾವಲು ಬುಟ್ಟು ಹೋದೋನು ನಾನು" ಎಂದರು. ಅಷ್ಟೇ ಅಲ್ಲ, ಊರಿನಲ್ಲಿ ಕೇಳಿದವರಿಗೆಲ್ಲ, "ಬಾಮೈದ ಬಿಸ್ಲಾಗೆ ಒದ್ದಾಡ್ಬುಟ್ಟ ಪಾಪ, ಏನ್ ಮಾಡಾದು" ಎಂದು ನನ್ನ ಪರವಾಗಿಯೇ ಹೇಳಿದರು.

ಬೆಳೆ ಹೋದರೆ ಮರುವರ್ಷ ಬರುತ್ತದೆ, ಬಂದಿತು ಕೂಡ. ಹೋದದ್ದು ಬೇರೆ. ಅಲ್ಲಿಂದ ಮುಂದೆ ನೀರು ಬಿಡುವ ದಿನಗಳಲ್ಲಿ ಭಾವ ಪಂಪಿನ ಹತ್ತಿರದಿಂದ ಕದಲುವುದನ್ನೇ ಬಿಟ್ಟರು. ಊಟವೂ ಅಲ್ಲಿಗೇ. ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಗ, ದೀಪ ಹಿಡಿದು ಪ್ರತಿಜ್ಞೆ ಮಾಡುವ ಕಾರ್ಯಕ್ರಮಕ್ಕೆ ಅಪ್ಪ ಬರಲೇಬೇಕೆಂದು ಫೋನ್ ಮಾಡಿದಳು. ಅದು ನೀರು ಬಿಡುವ ದಿನಗಳಲ್ಲೇ ಬಂತು. ಅಕ್ಕ ಒಬ್ಬಳೇ ಹೋದಳು. ಬೇರೆ ಹುಡುಗಿಯರ ಅಪ್ಪಂದಿರು ಇಸ್ತ್ರಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ಹುಡುಗಿ ದೀಪ ಹಿಡಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದಳಂತೆ.

ಆಮೇಲೆ ಅವಳು ಅಪ್ಪನ ಜೊತೆ ಮಾತು ಕಡಿಮೆ ಮಾಡಿದಳು. ಬಂದರೆ ಬಿಪಿ ನೋಡುವಳು, ಮಾತ್ರೆ ತೆಗೆದಿಡುವಳು, ಹೊರಡುವಳು. ಭಾವ ಒಮ್ಮೆ ನನ್ನ ಹತ್ತಿರ, "ಸರ್ವೀಸಿನಾಗಿದ್ದಾಗ ರಜೆ ಕೊಡ್ಲಿಲ್ಲ ಅಂತ ಮೇಲಿನವ್ರ ಮ್ಯಾಲೆ ಹಾಕ್ಬೋದಿತ್ತು. ಈಗ ಯಾರ ಮ್ಯಾಲೆ ಹಾಕಾದು?" ಎಂದರು. ನಿಜ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಅವರಿಗೆ ಹೇಳುವ ಅವಕಾಶ ಮತ್ತೆ ಎಷ್ಟೋ ಸಲ ಬಂತು, ನಾನೇ ಕಳೆದುಕೊಂಡೆ.

ಈ ಸಲ ಫೆಬ್ರವರಿಯಲ್ಲಿ ಮಗಳು ಬಂದವಳು, ಗುಡ್ಡವನ್ನು ಬೇರೆಯವರಿಗೆ ಕೊಟ್ಟುಬಿಡುವ ಮಾತೆತ್ತಿದಳು. ಅವಳೀಗ ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್. ಜಗುಲಿಯಲ್ಲಿ ನಾವಿಬ್ಬರೇ ಇದ್ದೆವು.

"ನಂಗೆ ಆ ಗುಡ್ಡ ನೋಡಿದ್ರೇ ಆಗಲ್ಲ ಮಾವ. ಅಪ್ಪಂಗೆ ನನಗಿಂತ ಅದೇ ಹೆಚ್ಚಾಗೋಗಿತ್ತು."

ಸತ್ತವರ ಮೇಲೆ ಆ ಮಾತು ನಿಂತುಬಿಡುತ್ತದಲ್ಲ ಎನ್ನಿಸಿತು. ಇನ್ನು ತಡೆಯಲಾಗಲಿಲ್ಲ. ಜೆಟ್ಟು ಸರಿಸಿದ್ದು, ಕೆಸರಿನ ಸುಳ್ಳು, ಅವರು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡದ್ದು, ಎಲ್ಲ ಹೇಳಿದೆ. ಅವಳು ಅಳಲಿಲ್ಲ.

"ಇಷ್ಟು ವರ್ಷ ನಾನು ಅಪ್ಪನ ಮೇಲೆ ಮುನಿಸ್ಕೊಂಡಿದ್ದು ನೋಡ್ಕಂಡು, ನಮ್ಮನೇಲೇ ಕೂತು ಊಟ ಮಾಡ್ಕಂಡ್ ಹೋಗ್ತಿದ್ರಲ್ಲ ಮಾವ, ಹೆಂಗೆ ಸೇರ್ತಿತ್ತು ನಿಮಗೆ?" ಎಂದಳು.

ಸೇರುತ್ತಿತ್ತು. ಅದೇ ನಾಚಿಕೆ. ಅವಳು ಒಳಗೆ ಹೋಗಿ ತಾಯಿಗೆ ಹೇಳಿದಳು. ಅಕ್ಕ ಹೊರಗೆ ಬಂದು ನನ್ನನ್ನು ಒಮ್ಮೆ ನೋಡಿ, ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಹೋದಳು. ಅದು ಇನ್ನೂ ಅರ್ಧ ತುಂಬಿತ್ತು.

ಗುಡ್ಡ ಕೊಡುವ ಮಾತು ಮತ್ತೆ ಬರಲಿಲ್ಲ. ಮುಂದಿನ ವಾರ ನೀರು ಬಿಡುವ ಹೊತ್ತಿಗೆ ಮಗಳೇ ಬಂದಳು. ನನ್ನ ಸರದಿಯನ್ನೂ ಅವರಿಗೇ ಬಿಟ್ಟುಕೊಟ್ಟೆ. ಬೆಳಿಗ್ಗೆ ಆಳುಗಳ ಜೊತೆ ನಿಂತು ಪೈಪು ಜೋಡಿಸಿ, ಪಂಪು ಶುರು ಮಾಡಿಸಿ, ಕೈ ಒರೆಸಿಕೊಳ್ಳುತ್ತ, ಪಂಪಿನ ಪಕ್ಕದ ಬಂಡೆಯ ಮೇಲೆ ಕೂತಿದ್ದ ನನ್ನ ಹತ್ತಿರ ಬಂದಳು.

"ನಂಗೆ ಡ್ಯೂಟಿ ಐತೆ, ಹೊರಟೆ. ನೀವಿಲ್ಲಿಂದ ಏಳಂಗಿಲ್ಲ."

"ನನ್ನ ನಂಬಿ ಬುಟ್ಟು ಹೋಗ್ತೀಯೇನವ್ವ?"

"ನಿಮ್ಮನ್ಯಾರು ನಂಬಿದ್ರು? ಮೇಲೆ ಬೇಲಿ ಹತ್ರ ಅಮ್ಮನ್ನ ಕೂರ್ಸಿದ್ದೀನಿ."

ನಿಜವಾಗಿಯೂ ಅಕ್ಕ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದಳು, ಮುಖ ಆ ಕಡೆ ಮಾಡಿ. ಜೆಟ್ಟು ತಿರುಗಿ ತಿರುಗಿ ಗಿಡಗಳ ಮೇಲೆ ನೀರು ಹೊಡೆಯುತ್ತಿತ್ತು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂತು. ನಾನು ಕೂತ ಬಂಡೆಗೆ ನೆರಳಿರಲಿಲ್ಲ.

"ಬಿಸ್ಲಾಗೆ ಯಾಕೋ ಸಾಯ್ತೀಯ? ನೆಳ್ಳಿಗೆ ಬಾರೋ!" ಅಕ್ಕನ ದನಿ. ವಾರದಿಂದ ನನ್ನ ಜೊತೆ ಆಡಿದ ಮೊದಲ ಮಾತು.

"ಏಳಂಗಿಲ್ಲ ಅಂತ ಹೇಳ್ ಹೋಗವ್ಳೆ ಕಣಕ್ಕ" ಎಂದು ಕೂಗಿದೆ.

ಅವಳು ಏನೋ ಬೈದುಕೊಳ್ಳುತ್ತ ಎದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಜ್ಜಿಗೆ ಚೊಂಬು ಹಿಡಿದು, ಗಿಡಗಳ ಸಾಲಿನ ನಡುವೆ ಒದ್ದೆ ನೆಲದಲ್ಲಿ ಜಾರದಂತೆ ಹೆಜ್ಜೆ ಇಡುತ್ತ ಇಳಿದು ಬರತೊಡಗಿದಳು.