ಗುದ್ದದ ಕಾರು

ಅತ್ತೆಯ ಬಲಗೈ ಮುರಿದದ್ದು ನಮ್ಮ ಕಾರಿನಲ್ಲಿ, ಸ್ಟಿಯರಿಂಗ್ ನನ್ನ ಕೈಯಲ್ಲಿದ್ದಾಗ. ಇಷ್ಟನ್ನು ಒಪ್ಪುತ್ತೇನೆ. ನಾನೇ ಮುರಿದೆ ಎನ್ನುವುದನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಅಂದು ಬೈಂದೂರಿನಲ್ಲಿ ನಾದಿನಿಗೆ ಬಯಕೆಯ ಊಟ. ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಬ್ರಹ್ಮಾವರದ ಮನೆಯಿಂದ ನಾನೂ ಅತ್ತೆಯೂ ಇಬ್ಬರೇ ಹೊರಟೆವು. ಮಗಳಿಗೆಂದು ಅತ್ತೆ ಮಾಡಿದ್ದ ಹೋಳಿಗೆ ದೊಡ್ಡದೊಂದು ಸ್ಟೀಲ್ ಡಬ್ಬಿಯಲ್ಲಿತ್ತು. ಕಾಲಬುಡದಲ್ಲಿಡಿ ಎಂದೆ.

"ಬಸ್ರಿ ಹೆಂಗ್ಸ್ ತಿಂಬುದ್ ಹೆಣೆ, ಕಾಲ್ ಬುಡದಂಗೆ ಇಡೂಕಾಗ," ಎಂದು ಮಡಿಲಲ್ಲೇ ಇಟ್ಟುಕೊಂಡರು.

ಡಬ್ಬಿಯ ಮೇಲೆ ಬೆಲ್ಟ್ ಬರುತ್ತಿರಲಿಲ್ಲ. ಹಾಕದಿದ್ದರೆ ಕಾರು ಕೂಗುವುದು ನಿಲ್ಲಿಸುವುದಿಲ್ಲ. ಅದಕ್ಕೂ ನಮ್ಮ ಮನೆಯಲ್ಲಿ ಮದ್ದಿತ್ತು: ಬೆಲ್ಟನ್ನು ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿ, ಅದಕ್ಕೇ ಒರಗಿ ಕೂರುವುದು. ಮಗ ತಾಯಿಗೆ ಕಲಿಸಿಕೊಟ್ಟ ಘನ ವಿದ್ಯೆ. ಬೇಡವೆಂದೆ, ಅವರು ಕೇಳಿದರೆ ತಾನೆ?

ಹೆಮ್ಮಾಡಿ ದಾಟಿ, ಪೆಟ್ರೋಲ್ ಹಾಕಿಸಲು ಸರ್ವಿಸ್ ರಸ್ತೆಗಿಳಿದೆ. ಹಂಪ್ ಕಂಡು ಬ್ರೇಕ್ ತುಳಿದೆ. ಎದುರಿಗೆ ವಾಹನವಿಲ್ಲ, ದನವಿಲ್ಲ, ಏನೂ ಇಲ್ಲ. ಹಂಪ್ ಮುಟ್ಟುವ ಮೊದಲೇ ಢಮ್ ಎಂದಿತು. ಮುಖಕ್ಕೆ ಬಿಳಿ ಚೀಲ, ಕಿವಿಯಲ್ಲಿ ಗುಂಯ್, ಪಟಾಕಿಯಂಥ ವಾಸನೆ. ಅತ್ತೆಯ ಕಡೆಯ ಚೀಲ ಡಬ್ಬಿಯನ್ನು ಅವರ ಮೈಗೆ ಒತ್ತಿತ್ತು, ಕೈ ಅದರಡಿ ಸಿಕ್ಕಿ ತಿರುಚಿಕೊಂಡಿತ್ತು. ಅವರು ಕೂಗಲೇ ಇಲ್ಲ. ನನಗೆ ಜೀವ ಬಾಯಿಗೆ ಬಂದದ್ದು ಆಗ.

ಓಡಿ ಬಂದ ರಿಕ್ಷಾದವರು ಅತ್ತೆಯನ್ನು ಇಳಿಸಿದರು. "ಹ್ವಾಯ್, ಎಂತಕ್ ಗುದ್ದಿದ್ರಿ?" ಎಂದು ಒಬ್ಬರು ಕಾರಿನ ಸುತ್ತ ಬಂದರು. ಬಂಪರಿನಲ್ಲಿ ಒಂದು ಗೀರೂ ಇರಲಿಲ್ಲ. ಆದರೂ ನಾವು ಕುಂದಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ನಾನು ಗುದ್ದಿದ ಸುದ್ದಿ ಬೈಂದೂರು ಮುಟ್ಟಿತ್ತು. ಪ್ಲಾಸ್ಟರ್ ಹಾಕಿಸಿಕೊಂಡ ಅತ್ತೆ ಫೋನಿನಲ್ಲಿ ಮಗಳಿಗೆ ಅದನ್ನೇ ಹೇಳಿದರು. "ಜೋರ್ ಬಿಟ್ಲ್ ಮಗಾ, ಎಲ್ಲೋ ಹೊಡ್ದ್ಲ್."

ಷೋರೂಮಿನವರದೂ ಅದೇ ರಾಗ. "ಗುದ್ದದೆ ಏರ್‌ಬ್ಯಾಗ್ ಓಪನ್ ಆತಿಲ್ಲೆ ಮೇಡಂ." ಗಂಡ ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಇನ್ ನೀನ್ ಬಿಡುದ್ ಬೇಡ." ನನಗೆ ಮೈಯೆಲ್ಲ ಉರಿಯಿತು. ನಲವತ್ತು ದಾಟಿದ ಮೇಲೆ, ಕೇರಿಯವರೆಲ್ಲ ನಗುತ್ತಿದ್ದಾಗ ಕಲಿತ ಡ್ರೈವಿಂಗ್ ಅದು.

ಏರ್‌ಬ್ಯಾಗ್ ಒಡೆಯುವ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕು, ಬೆಲ್ಟು ಎಲ್ಲವೂ ಕಾರಿನೊಳಗಿನ ಪೆಟ್ಟಿಗೆಯೊಂದರಲ್ಲಿ ಉಳಿದಿರುತ್ತದೆಂದು ಓದಿದ್ದೆ. ಅದನ್ನು ನನ್ನೆದುರೇ ತೆಗೆದು ನೋಡಿ ಎಂದು ಷೋರೂಮಿನಲ್ಲಿ ಪಟ್ಟು ಹಿಡಿದೆ. ಇವತ್ತು ನಾಳೆ ಎಂದು ಸತಾಯಿಸಿದರು. ದಿನಾ ಬಸ್ಸಿನಲ್ಲಿ ಹೋಗಿ ಅವರ ಸೋಫಾದಲ್ಲೇ ಕೂತೆ. ಹೊಸ ಕಾರು ನೋಡಲು ಬಂದವರಿಗೆಲ್ಲ ನನ್ನ ಕಥೆ ಹೇಳಿದೆ. ಕೊನೆಗೆ ಕಂಪೆನಿಯ ಎಂಜಿನಿಯರ್ ಬಂದರು.

ಅವರು ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸುವಾಗ ಗಂಡನೂ ಪಕ್ಕದಲ್ಲಿದ್ದರು. ಅಷ್ಟು ಜನ ಹೇಳಿದ ಮೇಲೆ ನನಗೇ ಅನುಮಾನ ಹತ್ತಿತ್ತು. ನಿಜವಾಗಿಯೂ ಜೋರಾಗಿ ಹೋಗಿದ್ದೆನೇ? ಎಂಜಿನಿಯರ್ ಒಮ್ಮೆ ಓದಿದರು, ಮತ್ತೆ ಮೇಲಿಂದ ಓದಿದರು.

"ವೇಗ ಇಪ್ಪತ್ತೆರಡು. ಬ್ರೇಕ್ ಒತ್ತಿದ್ದೀರಿ. ಎಲ್ಲಿಯೂ ಡಿಕ್ಕಿಯಾಗಿಲ್ಲ. ದೋಷ ಸೆನ್ಸರಿನದು, ತಪ್ಪು ನಮ್ಮದು. ಇಬ್ಬರ ಬೆಲ್ಟೂ ಹಾಕಿತ್ತು."

ನಾನೇ ಹೇಳಿದೆ: "ಅತ್ತೆಯದ್ದು ಬೆನ್ನ ಹಿಂದೆ ಇದ್ದಿತ್ತ್."

"ಸಿಕ್ಕಿಸಿದ್ದಷ್ಟೇ ಅದಕ್ಕೆ ಗೊತ್ತಾಗುವುದು ಮೇಡಂ," ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಹಿಡಿದದ್ದು ಒಂದೇ ಮಾತು.

"ನಾ ಬೆಲ್ಟ್ ಹಾಕಿದ್ದೆ ಅಂದೇಳಿ ಇತ್ತಾ ಅದ್ರಂಗೆ? ಕಂಡ್ಯಾ, ಸುಳ್ಳ್ ಹೇಳತ್ತ್. ಒಂದ್ ಸುಳ್ಳಾರೆ ಉಳ್ದದ್ದೂ ಸುಳ್ಳೇ."

ಎದ್ದು ಒಳಗೆ ಹೋದೆ. ಅಲ್ಲೇ ಇದ್ದಿದ್ದರೆ ಆಡಬಾರದ್ದು ಆಡಿಬಿಡುತ್ತಿದ್ದೆ. ಗಂಡ ಕೀ ತಂದು ಮೇಜಿನ ಮೇಲಿಟ್ಟರು.

ಕಾರು ರಿಪೇರಿಯಾಗಿ ಬಂದ ಮೇಲೆ, ಪ್ಲಾಸ್ಟರ್ ಬಿಚ್ಚಿಸಲು ಅತ್ತೆಯನ್ನು ಕುಂದಾಪುರಕ್ಕೆ ಕರೆದೊಯ್ದವಳು ನಾನೇ. ಮುಂದೆ ಕೂತು ಎಡಗೈಯಲ್ಲಿ ಬೆಲ್ಟ್ ಎಳೆದರು, ಸಿಕ್ಕಿಸಲು ಆಗಲಿಲ್ಲ. ನಾನು ಅದನ್ನು ತೆಗೆದುಕೊಂಡು, ಅವರ ಎದೆಯ ಮೇಲಿಂದ ತಂದು ಸಿಕ್ಕಿಸಿದೆ.

"ನಿಧಾನ ಹೋಗ್," ಎಂದರು.

"ಅವತ್ತೂ ನಿಧಾನವೇ ಹೋದ್ದ್ ಅತ್ತೆ."

"ಗೊತ್ತಿತ್ತ್," ಎಂದರು ಕಿಟಕಿಯ ಆಚೆ ನೋಡುತ್ತ. "ನೀ ಗುದ್ದಿದ್ದ್ ಅಂದ್ ಹೇಳ್ದಿರೆ, ಡಬ್ಬಿ ಮಡ್ಲಂಗೆ ಇಟ್ಕಂಡ್ ನಾನೇ ಕೈ ಮುರ್ಕಂಡೆ ಅಂದೇಳಿ ಆತಿಲ್ಯಾ? ಆ ಬಸ್ರಿ ಹೆಣ್ಣ್, ನನ್ ಹೋಳಿಗಿ ಸಲುವಾಯಿ ಆಯ್ತಂದ್ ಕಣ್ಣೀರ್ ಹಾಕಿ ಮರ್ಕೂದಿಲ್ಯಾ?"

ಗೇರ್ ಹಾಕಿ ಕಾರು ಹೊರಡಿಸಿದೆ.