ಟ್ರೆವಿನ್ ಜೂಕ್ಸನ ಆರು ಇಂಚು

ಟ್ರೆವಿನ್ ಜೂಕ್ಸ್ ನನ್ನ ಅಂಗಡಿಗೆ ಬಂದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಕೈಯಲ್ಲಿ ಸಣ್ಣ ಬಕೆಟ್ಟಿನಷ್ಟು ದೊಡ್ಡ ಸೋಡಾ ಲೋಟ ಹಿಡಿದುಕೊಂಡು. ಹೊಸ ಜೀಪು ಹೊರಗೆ ನಿಂತಿತ್ತು. ನಾಲ್ಕು ಬಾಗಿಲು, ಕಿತ್ತಳೆ ಬಣ್ಣ. ಟೈರಿನ ಮೇಲಿನ ಸಣ್ಣ ರಬ್ಬರ್ ಮುಳ್ಳುಗಳು ಕೂಡ ಇನ್ನೂ ಸವೆದಿರಲಿಲ್ಲ.

"ಸಿಸ್ಟರ್ ಮ್ಯಾಗ್ನಸನ್, ಜೀಪನ್ನ ಆರು ಇಂಚು ಎತ್ತಿಸ್ಬೇಕು," ಅಂದ.

ನಮ್ಮ ಚರ್ಚಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್ರೇ. ಆದರೆ ವಾರದ ಮಧ್ಯೆ, ನನ್ನ ಕೌಂಟರಿನ ಮುಂದೆ ನಿಂತು ಯಾರಾದರೂ ಹಾಗೆ ಕರೆದರೆ, ರಿಯಾಯಿತಿ ಕೇಳೋಕೆ ಬಂದಿದ್ದಾರೆ ಅಂತಲೇ ಲೆಕ್ಕ. ಉಳಿದ ಹೊತ್ತು ಊರಿಗೆಲ್ಲ ನಾನು ಬರೀ ಲೂಡೀನ್.

"ಎಲ್ಲಿಗೆ ಹೋಗೋಕೆ?" ಅಂದೆ.

"ಎಲ್ಲಿಗೆ ಬೇಕಾದ್ರೂ."

"ಹೋದ ಶನಿವಾರ ಎಲ್ಲಿಗೆ ಹೋಗಿದ್ದೆ?"

ಸ್ವಲ್ಪ ಯೋಚನೆ ಮಾಡಿದ. "ಪ್ರೈಸಿಗೆ. ಜನೀಲ್‌ಗೆ ಕಿಟಕಿ ಪರದೆ ಬೇಕಿತ್ತು."

ಪ್ರೈಸ್ ಪಟ್ಟಣಕ್ಕೆ ನಮ್ಮೂರಿಂದ ಮೂವತ್ತು ಮೈಲಿ, ಇಡೀ ದಾರಿ ಡಾಂಬರು. ಹೆಂಡತಿಗೆ ಪರದೆ ತರೋಕೆ ಆರು ಇಂಚು ಎತ್ತರ ಯಾಕೆ ಅಂತ ನಾನು ಕೇಳಲಿಲ್ಲ, ಅವನನ್ನು ಬಲ್ಲೆ. ಟ್ರೆವಿನ್ನನ ಅಪ್ಪ ನಲವತ್ತು ವರ್ಷ ಸ್ವೆಲ್ ಅನ್ನೋ ಬಂಡೆನಾಡಿನಲ್ಲಿ ದನ ಮೇಯಿಸಿದ ಮನುಷ್ಯ. ಮಗನನ್ನು ಜೊತೆಗೆ ಕರೆದೊಯ್ದರೆ ಎರಡನೇ ತಿರುವಿನಲ್ಲೇ ವಾಂತಿ. ಆಮೇಲಾಮೇಲೆ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ. ಆ ಹುಡುಗ ಬೆಳೆದು ಪ್ರೈಸಿನಲ್ಲಿ ಹಾಸಿಗೆ ಅಂಗಡಿ ಇಟ್ಟ. ಪ್ರತಿ ಎರಡು ವರ್ಷಕ್ಕೊಂದು ಹುಚ್ಚು ಹಿಡಿಯುತ್ತಿತ್ತು. ಒಮ್ಮೆ ಮಾಂಸ ಹೊಗೆಯಲ್ಲಿ ಬೇಯಿಸುವ ಕಬ್ಬಿಣದ ಪೀಪಾಯಿ, ಇನ್ನೊಮ್ಮೆ ದೂರದರ್ಶಕ. ಆ ದೂರದರ್ಶಕವನ್ನು ಅವನು ಪೆಟ್ಟಿಗೆಯಿಂದ ಬಿಚ್ಚಿದ್ದನ್ನು ಊರಿನ ಯಾರೂ ನೋಡಿಲ್ಲ. ಈಗ ಜೀಪು.

ಆದರೂ ನನ್ನ ಕೆಲಸ ನಾನು ಮಾಡಿದೆ. ಗಂಡನ ಬೆನ್ನು ಹೋದ ಮೇಲೆ ಈ ಸ್ಪ್ರಿಂಗ್ ಅಂಗಡಿ ನಡೆಸುತ್ತಿರುವವಳು ನಾನೇ. ಮೂವತ್ತೊಂದು ವರ್ಷದಿಂದ ಗಾಡಿ ಎತ್ತುತ್ತಿದ್ದೇನೆ. ಕೂರಿಸಿ ಹೇಳಿದೆ.

"ನೋಡಪ್ಪಾ, ಜೀಪು ಎತ್ತೋದು ಅಂದ್ರೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟ ಹಾಗಲ್ಲ. ಎರಡು ಇಂಚು ಎತ್ತಿದ್ರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಬದಲಾಯಿಸಿದ್ರೆ ಆಯ್ತು. ಆರು ಇಂಚಿಗೆ ಹೋದ್ರೆ ಅದರ ಕೆಳಗಿರೋದೆಲ್ಲ ಬದಲಾಗ್ಬೇಕು. ಬ್ರೇಕಿನ ಹೋಸು ಗಿಡ್ಡ ಆಗತ್ತೆ. ಸ್ಟೇರಿಂಗ್ ರಾಡು ಸೊಟ್ಟ ನಿಲ್ಲತ್ತೆ. ಮುಂದಿನ ಚಕ್ರಕ್ಕೆ ಶಕ್ತಿ ಕೊಡೋ ಶಾಫ್ಟ್ ಇದೆಯಲ್ಲ, ಅದು ಏಣಿ ಹಾಗೆ ಕಡಿದಾಗಿ ನಿಂತ್ಕೊಳತ್ತೆ. ತಿರುಗಿ ತಿರುಗಿ ಅದರ ಕೀಲಿನ ರಬ್ಬರ್ ಹರಿಯತ್ತೆ, ಗ್ರೀಸು ಹೊರಗೆ ಬರತ್ತೆ, ಒಂದು ದಿನ ಕೀಲೇ ಮುರಿಯತ್ತೆ."

"ಎಲ್ಲ ಬದಲಾಯಿಸಿದ್ರೆ ಎಷ್ಟಾಗತ್ತೆ?"

ಹೇಳಿದೆ. ಸೋಡಾ ಹೀರುವುದನ್ನು ನಿಲ್ಲಿಸಿದ.

"ಬರೀ ಸ್ಪ್ರಿಂಗ್ ಸಾಕಲ್ವಾ?"

"ಎರಡು ಇಂಚಿಗೆ ಸಾಕು."

"ಎರಡಿಂಚು ಕಣ್ಣಿಗೇ ಕಾಣಲ್ಲ, ಲೂಡೀನ್!" ಅಂದ. ಅಲ್ಲಿಗೆ ಸಿಸ್ಟರ್ ಅನ್ನೋದು ಹೋಗಿತ್ತು. "ಮತ್ತೆ ಸ್ಪ್ರಿಂಗ್ ವಿಷಯ ನನಗೆ ಪಾಠ ಮಾಡ್ಬೇಡಿ. ಬೆಳಗಾದ್ರೆ ಸ್ಪ್ರಿಂಗ್ ಮಾರೋನು ನಾನು."

"ನಿನ್ನ ಸ್ಪ್ರಿಂಗ್ ಮೇಲೆ ಜನ ಮಲಗ್ತಾರೆ ಕಣಯ್ಯ, ಬಂಡೆ ಹತ್ತಲ್ಲ."

ನಗಲಿಲ್ಲ ಅವನು. ಎದ್ದು ಹೋದ.

ಎರಡು ವಾರ ಕಳೆದ ಮೇಲೆ ಚರ್ಚಿನ ಮುಂದೆ ಆ ಜೀಪು ಕಂಡಿತು. ಕಂಪ್ಯೂಟರಿನಲ್ಲಿ ಯಾವುದೋ ಕಿಟ್ ತರಿಸಿದ್ದಾನೆ: ಕೆಂಪು ಬಣ್ಣದ ಸ್ಪ್ರಿಂಗು, ಅದರ ಮೇಲೆ ಎತ್ತರ ಕೊಡೋಕೆ ಪ್ಲಾಸ್ಟಿಕ್ ಬಿಲ್ಲೆ, ಅಷ್ಟೇ. ಹೆಂಡತಿಯ ತಮ್ಮನನ್ನು ಕರೆದು ಮನೆ ಮುಂದೆಯೇ ಹಾಕಿಸಿಕೊಂಡಿದ್ದ. ಆ ಬಡಪಾಯಿ ಜೀಪು ಹೈಹೀಲ್ಡ್ ಹಾಕಿಕೊಂಡ ಎಮ್ಮೆಯ ಹಾಗೆ ನಿಂತಿತ್ತು. ಜನೀಲ್ ಹಿಂದಿನ ಬಾಗಿಲು ತೆಗೆದು ಪ್ಲಾಸ್ಟಿಕ್ ಸ್ಟೂಲ್ ಇಳಿಸಿದಳು. ಅದರ ಮೇಲೆ ಅವಳಮ್ಮ, ಎಪ್ಪತ್ತೊಂಬತ್ತರ ಮುದುಕಿ, ಒಂದೊಂದೇ ಕಾಲು ಇಟ್ಟು ಇಳಿದಳು. ಟ್ರೆವಿನ್ ಆಗ ಗಂಡಸರಿಗೆ ಸ್ಪ್ರಿಂಗ್ ತೋರಿಸುತ್ತಿದ್ದ. ರಸ್ತೆಯಲ್ಲಿ ಸಣ್ಣ ಹಳ್ಳ ಸಿಕ್ಕರೂ ಅವನ ಮುಂದಿನ ಚಕ್ರಗಳು ಚಳಿಜ್ವರ ಬಂದ ಹಾಗೆ ಗಡಗಡ ನಡುಗುತ್ತವೆ ಅಂತ ಆಮೇಲೆ ಜನೀಲ್ ನನ್ನ ಹತ್ತಿರ ಪಿಸುಗುಟ್ಟಿದಳು.

ಆ ಏಪ್ರಿಲಿನಲ್ಲೇ ಅವನು ನಮ್ಮ ಹುಡುಕುವ ತಂಡಕ್ಕೂ ಹೆಸರು ಕೊಟ್ಟ. ಊರಿನ ಹತ್ತು ಹನ್ನೆರಡು ಜನ ಸೇರಿ ಮಾಡಿಕೊಂಡದ್ದು. ಸ್ವೆಲ್‌ನಲ್ಲಿ ಯಾರಾದರೂ ದಾರಿ ತಪ್ಪಿದರೆ, ಬಿದ್ದರೆ, ಹೋಗಿ ಕರೆತರುತ್ತೇವೆ. ಅವನಿಗೆ ಬೇಕಾಗಿದ್ದದ್ದು ಜೀಪಿನ ಬಾಗಿಲಿಗೆ ಅಂಟಿಸುವ ತಂಡದ ಹೆಸರಿನ ಚೀಟಿ. ಸಿಕ್ಕಿತು.

ಈಗ ಹೇಳುವುದು ನನಗೆ ಇಷ್ಟವಿಲ್ಲದ ಮಾತು. ಮೇ ತಿಂಗಳ ಮೊದಲ ಭಾನುವಾರ ಚರ್ಚಿಂದ ಹೊರಗೆ ಬರುವಾಗ ನನ್ನ ಕೈಯಿಂದ ಬೀಗದ ಕೈ ಜಾರಿತು. ಎತ್ತಿಕೊಳ್ಳೋಕೆ ಬಗ್ಗಿದೆ. ಪಕ್ಕದಲ್ಲೇ ಅವನ ಜೀಪು. ಅದರ ಹೊಟ್ಟೆಯ ಕೆಳಗೆಲ್ಲ ಕರೀ ಗ್ರೀಸು ಸಿಡಿದಿತ್ತು. ಮುಂದಿನ ಶಾಫ್ಟಿನ ರಬ್ಬರ್ ಹರಿದು ನಾಲಿಗೆಯ ಹಾಗೆ ಜೋತಾಡುತ್ತಿತ್ತು. ಮೂರು ಹೆಜ್ಜೆ ದೂರದಲ್ಲಿ ಟ್ರೆವಿನ್ ನಿಂತು, "ಆರಿಂಚಿಗೆ ಇನ್ನೇನೋ ಬೇಕು ಅಂತಾರೆ, ಎಲ್ಲ ಅಂಗಡಿಯವರ ಕಳ್ಳಾಟ," ಅಂತ ಯಾರಿಗೋ ಹೇಳುತ್ತಿದ್ದ. ನಾನು ಬೀಗದ ಕೈ ಎತ್ತಿಕೊಂಡೆ. ಒಂದು ಮಾತೂ ಆಡಲಿಲ್ಲ. ಮುರೀಲಿ, ನಾಲ್ಕು ಜನರ ಮುಂದೆ ಮುರೀಲಿ ಅಂದುಕೊಂಡು ಮನೆಗೆ ಹೋಗಿ ಊಟ ಮಾಡಿದೆ. ಊಟ ಚೆನ್ನಾಗಿಯೇ ಸೇರಿತು.

ಮುಂದಿನ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಫೋನು. ಹ್ಯಾಟ್‌ಬ್ಯಾಂಡ್ ಕಣಿವೆಯ ತಲೆಯಲ್ಲಿ ಮರ್ಲೀನ್ ಓವಿಸನ್ ಬಿದ್ದು ಪಾದದ ಗಂಟು ಮುರಿದುಕೊಂಡಿದ್ದಾಳಂತೆ. ಅತ್ತ ನಡೆದುಹೋಗುತ್ತಿದ್ದ ಇಬ್ಬರು ನೋಡಿ, ಫೋನಿಗೆ ಸಿಗ್ನಲ್ ಸಿಗುವ ಜಾಗಕ್ಕೆ ಬಂದು ತಿಳಿಸಿದ್ದರು. ಮರ್ಲೀನ್‌ಗೆ ಎಪ್ಪತ್ನಾಲ್ಕು. ಊರಿನ ಮೂರು ತಲೆಮಾರನ್ನು ಶಾಲೆ ಬಸ್ಸಿನಲ್ಲಿ ಕೂರಿಸಿ, ಗದರಿಸಿ, ತಲುಪಿಸಿದವಳು. ಈಗ ಒಬ್ಬಳೇ ತನ್ನ ಹಳೇ ಗಾಡಿಯಲ್ಲಿ ಬಣ್ಣದ ಕಲ್ಲು ಹುಡುಕುತ್ತಾ ತಿರುಗುತ್ತಾಳೆ.

ಮೂರು ಗಾಡಿಗಳಲ್ಲಿ ಹೊರಟೆವು. ಕಣಿವೆಯ ಬಾಯಲ್ಲಿ ಆರ್ಡೆಲ್ ನಿಲ್ಲಿಸಿದ. ಅವನು ಕಲ್ಲಿದ್ದಲು ಗಣಿಯಲ್ಲಿ ಜೀವ ಸವೆಸಿ ನಿವೃತ್ತನಾದವನು, ನಮ್ಮ ತಂಡದ ಹಿರಿಯ.

"ನಾನು ಮುಂದೆ ಹೋಗ್ತೀನಿ," ಅಂದ ಆರ್ಡೆಲ್.

"ನನ್ನದೇ ಎಲ್ಲಕ್ಕಿಂತ ಎತ್ತರ. ದಾರೀಲಿ ಏನಿದ್ರೂ ನನಗೆ ಮೊದಲು ಕಾಣತ್ತೆ," ಅಂದ ಟ್ರೆವಿನ್, ಮತ್ತು ಉತ್ತರ ಬರುವ ಮುಂಚೆಯೇ ಹೊರಟುಬಿಟ್ಟ.

ಎಡಕ್ಕೆ ಗೋಡೆಯಂಥ ಬಂಡೆ, ಬಲಕ್ಕೆ ಅರವತ್ತು ಅಡಿ ಪಾತಾಳ, ನಡುವೆ ಒಂದು ಗಾಡಿಯ ಅಗಲದ ದಾರಿ. ಎರಡು ಮೈಲಿ ಮುಂದೆ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲೊಂದಿದೆ. ಟ್ರೆವಿನ್ ಅದಕ್ಕೆ ನುಗ್ಗಿದ. ಮುಂದಿನ ಚಕ್ರ ಹತ್ತಿತು. ಆಮೇಲೆ ಬಂದೂಕು ಹೊಡೆದ ಹಾಗೆ ಒಂದು ಸದ್ದು. ಶಾಫ್ಟಿನ ಕೀಲು ಮುರಿದು, ತುಂಡು ಕೆಳಗೆ ಬಿದ್ದು ಟಣಟಣ ಅಂತ ಉರುಳಿತು. ಮುಂದಿನ ಚಕ್ರಕ್ಕೆ ಶಕ್ತಿಯಿಲ್ಲ, ಹಿಂದಿನದು ಸುಮ್ಮನೆ ಧೂಳೆಬ್ಬಿಸುತ್ತಿದೆ. ಜೀಪು ಮೂತಿ ಮೇಲೆತ್ತಿ, ಬಲಕ್ಕೆ ವಾಲಿ ನಿಂತುಬಿಟ್ಟಿತು.

ಆರ್ಡೆಲ್ ಇಳಿದು ಹೋದ. "ಬ್ರೇಕ್ ಬಿಡು. ಮೆಲ್ಲಗೆ ಹಿಂದಕ್ಕೆ ಇಳಿಸೋಣ. ಹಗ್ಗ ಕಟ್ಟಿ ಹಿಡ್ಕೋತೀವಿ."

"ಬೀಳತ್ತೆ."

"ಬೀಳಲ್ಲ."

"ಬೀಳತ್ತೆ ಆರ್ಡೆಲ್! ನೀವು ಕೆಳಗಿದ್ದೀರ, ನಿಮಗೆ ಗೊತ್ತಾಗ್ತಿಲ್ಲ. ಇಲ್ಲಿಂದ ಎಲ್ಲ ಕಾಣತ್ತೆ."

ಎರಡೂ ಕೈಯಲ್ಲಿ ಸ್ಟೇರಿಂಗ್ ಅಪ್ಪಿಕೊಂಡು ಕೂತಿದ್ದ. ಮುಖ ಸೋಸಿದ ಗಂಜಿಯ ಬಣ್ಣಕ್ಕೆ ಬಂದಿತ್ತು. ಬೆದರಿಸಿದೆವು, ಬೇಡಿಕೊಂಡೆವು. ಬ್ರೇಕಿಂದ ಕಾಲು ತೆಗೆಯಲೂ ಒಲ್ಲ, ಇಳಿಯಲೂ ಒಲ್ಲ. ಒಂದೂಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ಆರ್ಡೆಲ್ ನಡೆದೇ ಹೋಗೋಣ ಅಂತ ಸ್ಟ್ರೆಚರ್ ಬಿಚ್ಚತೊಡಗಿದ. ನಾನು ನೀರಿನ ಕ್ಯಾನು ಹೆಗಲಿಗೇರಿಸಿದೆ.

ಅಷ್ಟರಲ್ಲಿ ಮೇಲಿನ ತಿರುವಿನಿಂದ ಇಂಜಿನ್ ಸದ್ದು ಕೇಳಿಸಿತು. ಕಲ್ಲಿನಿಂದ ಕಲ್ಲಿಗೆ ನಿಧಾನವಾಗಿ ಇಳಿಯುವ ಸದ್ದು. ಬಂಡೆಯ ಹಿಂದಿನಿಂದ ಮರ್ಲೀನಳ ಹಳೇ ನೀಲಿ ಗಾಡಿ ಬಂತು. ಒಳಗೆ ಮರ್ಲೀನ್. ಎಡಗಾಲಿಗೆ ಎರಡು ಕಡೆ ಗಾಡಿಯ ಸನ್‌ಶೇಡ್ ಮುರಿದು ಇಟ್ಟು ಹಗ್ಗ ಸುತ್ತಿಕೊಂಡಿದ್ದಳು. ಗೇರು ತಾನಾಗಿಯೇ ಬೀಳುವ ಗಾಡಿ, ಎಡಗಾಲಿಗೆ ಕೆಲಸವಿಲ್ಲ. ಕಾದು ಕಾದು ಸಾಕಾಗಿ, ಕೂತಲ್ಲಿಂದ ಅಂಡು ತೆವಳಿಸಿಕೊಂಡು ಹೋಗಿ ಗಾಡಿ ಹತ್ತಿದ್ದಳಂತೆ.

ಟ್ರೆವಿನ್ನನ ಜೀಪಿನ ಮೂತಿಗೆ ಹತ್ತಡಿ ದೂರದಲ್ಲಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನನ್ನನ್ನ ಹುಡುಕೋಕೆ ಬಂದ್ರೋ, ನನ್ನ ದಾರಿಗೆ ಅಡ್ಡ ನಿಲ್ಲೋಕೆ ಬಂದ್ರೋ?"

ಆಮೇಲೆ ಕಣ್ಣು ಕಿರಿದು ಮಾಡಿ ಜೀಪಿನ ಒಳಗೆ ನೋಡಿದಳು.

"ಯಾರದು ಒಳಗೆ? ಟ್ರೆವಿನ್ನಾ? ಇನ್ನೂ ವಾಂತಿ ಬರತ್ತೇನೋ ನಿನಗೆ?"

"ಇಲ್ಲ ಮ್ಯಾಮ್," ಅಂದ. ಎರಡನೇ ಕ್ಲಾಸಿನ ಧ್ವನಿಯಲ್ಲಿ.

"ಹಾಗಾದ್ರೆ ಬ್ರೇಕ್ ಮೇಲಿಂದ ಕಾಲು ತೆಗಿ, ನಾನು ಹೇಳಿದಾಗ."

ತಲೆಯಾಡಿಸಿದ. ನಾವು ಅವಳ ಗಾಡಿಯ ಮುಂದಿನ ಎಳೆಯುವ ರಾಟೆಯಿಂದ ಉಕ್ಕಿನ ಹಗ್ಗ ಬಿಚ್ಚಿ ಅವನ ಜೀಪಿನ ಮೂತಿಗೆ ಸಿಕ್ಕಿಸಿದೆವು. ಆಗ ಅವಳು ಹೇಳಿದಳು, ಅವನು ಕಾಲು ತೆಗೆದ. ಆ ನೀಲಿ ಗಾಡಿಯನ್ನು ಹದಿನೆಂಟು ವರ್ಷದ ಹಿಂದೆ ನಾನೇ ಎತ್ತಿದ್ದು, ಒಂದೂವರೆ ಇಂಚು. ಅದು ಅಲ್ಲಾಡದೆ ನಿಂತು, ಟ್ರೆವಿನ್ನನ ಆರು ಇಂಚನ್ನು ಮೆಟ್ಟಿಲ ಮೇಲಕ್ಕೆ ಎಳೆದುಕೊಂಡಿತು. ಜೀಪನ್ನು ಮೇಲಿನ ಅಗಲ ಜಾಗಕ್ಕೆ ತಳ್ಳಿ ದಾರಿ ಬಿಡಿಸಿ, ಮರ್ಲೀನಳನ್ನು ನನ್ನ ಗಾಡಿಯಲ್ಲಿ ಮಲಗಿಸಿದೆವು. ಟ್ರೆವಿನ್ ಇಳಿದು ಬಂದ. ಅವಳ ಕಾಲು ನೋಡಿದ. ಬೂಟಿನ ಮೇಲೆ ಬದನೆಕಾಯಿಯ ಹಾಗೆ ಊದಿತ್ತು. ಒಂದೂ ಮಾತಾಡದೆ ತನ್ನ ಹೊಸ ಜಾಕೆಟ್ಟು ಬಿಚ್ಚಿ, ಮಡಿಸಿ, ಅದರ ಕೆಳಗಿಟ್ಟ. ಅವನ ಲೆಕ್ಕದಲ್ಲಿ ಅದೊಂದನ್ನು ನಾನು ಬರೆದುಕೊಳ್ಳಲೇಬೇಕು.

ಆದರೆ ಮನುಷ್ಯ ಅಲ್ಲಿಗೇ ನಿಲ್ಲಲಿಲ್ಲ. ಜೂನ್ ಮೊದಲ ಭಾನುವಾರ, ಮನಸ್ಸು ಬಂದವರು ಎದ್ದು ನಿಂತು ಮಾತಾಡುವ ದಿನ, ಚರ್ಚಿನಲ್ಲಿ ಮೈಕಿನ ಮುಂದೆ ಹೋದ. ಕಷ್ಟದ ಹಾದಿಯಲ್ಲಿ ದೇವರು ಹೇಗೆ ತನ್ನನ್ನು ಮುಂದೆ ನಿಲ್ಲಿಸಿದ, ಸಿಸ್ಟರ್ ಓವಿಸನ್‌ರನ್ನು ಹೊರತರುವಾಗ ತನಗೆ ಹೇಗೆ ಧೈರ್ಯ ಬಂತು ಅಂತ ಹೇಳಿ ಕಣ್ಣೊರೆಸಿಕೊಂಡ. ಜನೀಲ್ ತನ್ನ ಬೆರಳುಗಳನ್ನೇ ನೋಡುತ್ತಾ ಕೂತಿದ್ದಳು. ಆರ್ಡೆಲ್ ಗಟ್ಟಿಯಾಗಿ ಕೆಮ್ಮಿದ. ನನಗೆ ಹೇಸಿಗೆಯಾಗಿ ಎದ್ದು ಹೊರಗೆ ಬಂದೆ.

ಆ ಹೇಸಿಗೆಯನ್ನು ಮುಂದಿಟ್ಟುಕೊಂಡೇ ಮರುದಿನ ಮರ್ಲೀನಳ ಮನೆಗೆ ಹೋದೆ. ಆಲೂಗಡ್ಡೆ ಚೀಸ್ ಬೇಯಿಸಿದ ತಟ್ಟೆ ಒಯ್ದಿದ್ದೆ. ನನಗಿಂತ ಮೊದಲೇ ಅಂಥವೇ ನಾಲ್ಕು ತಟ್ಟೆ ಮೇಜಿನ ಮೇಲಿದ್ದವು. ಅವಳ ಕಾಲಿಗೆ ಲೋಹದ ಪಟ್ಟಿ ಹಾಕಿದ್ದರು. ಮುರಿದ ಕಾಲಲ್ಲಿ ಕಲ್ಲುದಾರಿ ಕುಲುಕಾಡಿಕೊಂಡು ಬಂದದ್ದರಿಂದ ಮೂಳೆ ಸರಿದುಬಿಟ್ಟಿದೆ, ಇನ್ನು ಕುಂಟು ಹೋಗುವುದಿಲ್ಲ ಅಂತ ವೈದ್ಯರು ಹೇಳಿದ್ದರು.

ಟ್ರೆವಿನ್ನನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಕೇಳಿಸಿಕೊಂಡಳು. ಬೈದು ಮುಗಿದ ಮೇಲೆ ನನ್ನದನ್ನೂ ಹೇಳಿದೆ: ಆ ಹರಿದ ರಬ್ಬರ್ ನೋಡಿದ್ದೆ, ನೋಡಿ ಸುಮ್ಮನಿದ್ದೆ.

ಮರ್ಲೀನ್ ಪಟ್ಟಿ ಹಾಕಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಸಿಟ್ಟಳು.

"ಅವನು ದಡ್ಡ ಅಂತ ಊರಿಗೆಲ್ಲ ಗೊತ್ತು ಕಣೆ," ಅಂದಳು. "ನಿನಗೇನಾಗಿತ್ತು?"

ತಟ್ಟೆ ಅಲ್ಲೇ ಬಿಟ್ಟು ಬಂದೆ.

ಆ ವಾರವೇ ಜನೀಲ್ ಅಂಗಡಿಗೆ ಬಂದಳು. ಹಿಂದೆ ಟ್ರೆವಿನ್. ಅವನು ಕೌಂಟರಿನ ತನಕ ಬರಲಿಲ್ಲ, ಟೈರುಗಳ ಹತ್ತಿರ ನಿಂತುಕೊಂಡ.

"ಈ ಜೀಪಿಗೆ ನಿಜವಾಗಿ ಏನು ಬೇಕು ಹೇಳಿ," ಅಂದಳು ಜನೀಲ್. "ನನ್ನಮ್ಮ ಕೂರ್ತಾಳೆ. ನಾಯಿ ಕೂರತ್ತೆ. ವರ್ಷಕ್ಕೆರಡು ಸಲ ಮಾವನ ಹಳೇ ದನದ ಕೊಟ್ಟಿಗೆ ತನಕ ಮಣ್ಣುದಾರೀಲಿ ಹೋಗ್ತೀವಿ. ಅಷ್ಟೇ."

ಮೊದಲ ಸಲ ಆ ಮನೆಯಿಂದ ಯಾರೋ ನನಗೆ ಬೇಕಾದ ಉತ್ತರ ಕೊಟ್ಟಿದ್ದರು. ಎರಡು ಬಗೆಯ ಸ್ಪ್ರಿಂಗ್ ತಂದು ಮುಂದಿಟ್ಟೆ. ಒಂದು ಭಾರ ಹೊರುವವರದು, ಗಟ್ಟಿ. ಇನ್ನೊಂದು ಮೆತ್ತನೆಯದು. ಎರಡೂ ಎರಡು ಇಂಚಿನವೇ. "ಗಟ್ಟಿಯದು ಹಾಕಿದ್ರೆ ಖಾಲಿ ಗಾಡಿ ಕುದುರೆ ಹಾಗೆ ಎಗರತ್ತೆ, ನಿಮ್ಮಮ್ಮನ ಬೆನ್ನು ಹೋಗತ್ತೆ. ಮೆತ್ತನೆ ಸ್ಪ್ರಿಂಗ್ ತಗೊಂಡು, ಉಳಿದ ದುಡ್ಡನ್ನ ಒಳ್ಳೇ ಶಾಕ್ ಅಬ್ಸಾರ್ಬರಿಗೆ ಹಾಕು. ಶಾಫ್ಟ್ ಹೊಸದು ಬೇಕೇ ಬೇಕು."

ಜನೀಲ್ ಸ್ಪ್ರಿಂಗನ್ನು ಎತ್ತಿ ನೋಡಿದಳು. "ಇದೇ ಇರಲಿ."

ಟೈರುಗಳ ಹತ್ತಿರದಿಂದ ಸಣ್ಣ ಧ್ವನಿ ಬಂತು. "ಎರಡೂವರೆ ಆಗಲ್ವಾ?"

"ಎರಡು," ಅಂದಳು ಜನೀಲ್, ತಿರುಗಿಯೂ ನೋಡದೆ.

ನಾನೇ ಹಾಕಿಕೊಟ್ಟೆ. ಈ ಸಲ ಹೊರಗೆ ಬಿಡುವ ಮುಂಚೆ ಕೆಳಗೆ ಮಲಗಿ ಪ್ರತಿ ಬೋಲ್ಟು ಮುಟ್ಟಿ ನೋಡಿದೆ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ತಂಡದಿಂದ ಟ್ರೆವಿನ್ ತಾನಾಗಿಯೇ ಬಿಟ್ಟುಹೋದ. ಅಂಗಡಿ ಕೆಲಸ ಜಾಸ್ತಿ ಅಂದನಂತೆ. ಯಾರೂ ಅಡ್ಡಿ ಮಾಡಲಿಲ್ಲ.

ಮೊನ್ನೆ ಮತ್ತೆ ಬಂದಿದ್ದ, ಅದೇ ಬಕೆಟ್ ಸೋಡಾ ಹಿಡಿದು. ದೋಣಿ ಕೊಳ್ಳುತ್ತಿದ್ದಾನಂತೆ. ಜಲಾಶಯ ಇಲ್ಲಿಂದ ಎರಡು ಗಂಟೆ ದಾರಿ, ಅವನಿಗೆ ಈಜು ಬರುವುದಿಲ್ಲ. ಇನ್ನೂರು ಕುದುರೆ ಶಕ್ತಿಯ ಮೋಟಾರು ಸಾಕೋ, ಮುನ್ನೂರು ಬೇಕೋ ಅಂತ ಕೇಳಿದ.

ನನಗೆ ದೋಣಿ ವಿಷಯ ಗೊತ್ತಿಲ್ಲ ಅಂದೆ. ಆಮೇಲೆ, ಸುಮ್ಮನಿರೋಕಾಗದೆ, ಮೊದಲು ಈಜು ಕಲಿ ಅಂತಲೂ ಹೇಳಿದೆ. ಅದಕ್ಕವನು, "ಅದೇನು ಮಹಾ," ಅಂದು ಹೊರಟುಹೋದ.